ಮಳೆದೇವರ ಊರಲ್ಲಿ ಅಮ್ಮನ ಜೊತೆ ನಾಲ್ಕು ದಿನ: ಯುಕಟಾನ್ ಪ್ರವಾಸ

ಅಮ್ಮ ಚಳ್ಳಕೆರೆಯಿಂದ ಡಾಲಸ್‌ಗೆ ಬಂದು ಎರಡು ತಿಂಗಳಾಗಿತ್ತು. ಮಾಲ್ ನೋಡಿದ್ದಾಯ್ತು, ಪಾರ್ಕ್ ನೋಡಿದ್ದಾಯ್ತು, ಇನ್ನು ಎಲ್ಲಾದ್ರೂ ಒಂದು ಹಳೇ ದೇವಸ್ಥಾನ ಇದ್ರೆ ಕರ್ಕೊಂಡು ಹೋಗು ಅಂತ ಹಟ ಹಿಡಿದಿದ್ರು. ಮೇ ಕೊನೇಲಿ ಮೆಮೋರಿಯಲ್ ಡೇ ಲಾಂಗ್ ವೀಕೆಂಡ್ ಇತ್ತಲ್ಲ, ಮೆಕ್ಸಿಕೋದ ಯುಕಟಾನ್‌ಗೆ ಹೊರಟೇಬಿಟ್ವಿ. ಅಲ್ಲಿ ಮಾಯನ್ ಅನ್ನೋ ಮೂಲನಿವಾಸಿಗಳ ಹಳೇ ದೇವಸ್ಥಾನಗಳನ್ನ ಬರೀ ಕಲ್ಲು ಕಟ್ಟಡ ಅಂತ ತೋರಿಸದೆ, ಅಲ್ಲಿನ ಜನ ಏನು ನಂಬ್ತಿದ್ರು, ಈಗೇನು ನಂಬ್ತಾರೆ ಅಂತ ಹೇಳ್ಕೊಂಡು ಕರ್ಕೊಂಡು ಹೋಗೋ ಡೇ ಟ್ರಿಪ್‌ಗಳಿವೆ. ಅಂಥಾ ಒಬ್ಬ ಗೈಡ್‌ನ ಗೊತ್ತು ಮಾಡ್ಕೊಂಡಿದ್ದೆ. ವೀಸಾ ಬಗ್ಗೆ ತುಂಬಾ ಜನ ಕೇಳ್ತಾರೆ ಅದಕ್ಕೆ ಇಲ್ಲೇ ಹೇಳ್ಬಿಡ್ತೀನಿ, ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಅಮ್ಮನ ವಿಸಿಟರ್ ವೀಸಾದಲ್ಲೇ ಆರಾಮಾಗಿ ಹೋದ್ವಿ.

ಮೊದಲನೇ ದಿನ, ಶುಕ್ರವಾರ

ಕಾನ್‌ಕೂನ್‌ನಲ್ಲಿ ಇಳಿದು ಕಾರು ತಗೊಂಡು ವಯಾದೊಲಿದ್ ಅನ್ನೋ ಊರಿಗೆ ಹೊರಟ್ವಿ, ಎರಡು ಗಂಟೆ ದಾರಿ. ಟೋಲ್ ರಸ್ತೆ ದಾರ ಹಿಡಿದು ಗೆರೆ ಎಳೆದಂಗೆ ನೇರ, ಎರಡೂ ಕಡೆ ಕುಳ್ಳ ಕಾಡು, ಒಂದು ತಿರುವಿಲ್ಲ ಒಂದು ದಿಣ್ಣೆ ಇಲ್ಲ. ಟೋಲ್‌ಗೆ ಪೆಸೋ ನೋಟು ಕೈಯಲ್ಲಿರಲಿ, ಕಾರ್ಡ್ ನಂಬ್ಕೊಂಡು ಹೋಗ್ಬೇಡಿ. ಒಂದು ಗಂಟೆ ಆದ್ಮೇಲೆ ಅಮ್ಮ ಕಿಟಕಿಯಿಂದ ಮುಖ ತಿರುಗಿಸಿ "ಅಲ್ವೇ, ಇಷ್ಟು ದೂರ ಬಂದ್ವಿ, ಒಂದು ಸೇತುವೆನೂ ಬರ್ಲಿಲ್ವಲ್ಲ, ಇಲ್ಲಿ ಹಳ್ಳ ಇಲ್ವಾ ಹೊಳೆ ಇಲ್ವಾ?" ಅಂದ್ರು. ನಾನು ಓದ್ಕೊಂಡು ಹೋಗಿದ್ದ ವಿಷಯನ ಅಮ್ಮ ಬರೀ ರಸ್ತೆ ನೋಡಿ ಹಿಡಿದುಬಿಟ್ಟಿದ್ರು.

ನಿಜ, ಉತ್ತರ ಯುಕಟಾನ್‌ನಲ್ಲಿ ನೆಲದ ಮೇಲೆ ಒಂದೂ ನದಿ ಇಲ್ಲ. ನೆಲ ಎಲ್ಲಾ ಸುಣ್ಣಕಲ್ಲು, ಬಿದ್ದ ಮಳೆ ಜರಡಿಗೆ ಹಾಕಿದಂಗೆ ಕೆಳಗಿಳಿದು ಹೋಗತ್ತೆ. ಅಲ್ಲಲ್ಲಿ ಆ ಕಲ್ಲಿನ ಚಾವಣಿ ಕುಸಿದು ಒಳಗಿನ ನೀರು ಕಾಣೋ ಹಂಗೆ ದೊಡ್ಡ ದೊಡ್ಡ ಬಾವಿಗಳಾಗಿವೆ, ಅದನ್ನೇ ಸೆನೋಟೆ ಅನ್ನೋದು. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಆ ಬಂಡೆ ಬಿದ್ದಿದ್ದೂ ಇಲ್ಲೇನೇ, ಚಿಕ್‌ಶುಲೂಬ್‌ನಲ್ಲಿ. ಆ ಗುಳಿಯ ಅಂಚಿಗೇ ಸೆನೋಟೆಗಳು ಬಳೆ ಥರ ಸುತ್ಕೊಂಡಿವೆ. ಈ ಊರಲ್ಲಿ ಬದುಕಬೇಕು ಅಂದ್ರೆ ಒಂದೋ ಬಾವಿ ಒಂದೋ ಮಳೆ, ಮೂರನೇದಿಲ್ಲ. ಅಮ್ಮನಿಗೆ ಇದನ್ನ ಹೇಳಿದಾಗ "ಹಂಗಾದ್ರೆ ಇದು ನಮ್ಮ ಸೀಮೆನೇ ಬಿಡು" ಅಂದು ಸುಮ್ಮನಾದ್ರು. ಚಳ್ಳಕೆರೆ ಕಡೆಯವರಿಗೆ ಮಳೆ ಬಗ್ಗೆ ಉದ್ದ ವಿವರಣೆ ಬೇಕಾಗಲ್ಲ.

ಸಂಜೆ ಊರಿನ ಹಳೇ ಸಾನ್ ಬೆರ್ನಾರ್ದಿನೋ ಮಠಕ್ಕೆ ಹೋದ್ವಿ. 1550ರ ದಶಕದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಟ್ಟಿಸಿದ್ದು, ಕೋಟೆ ಥರ ದಪ್ಪ ಗೋಡೆ. ಹಿಂದಿನ ತೋಟದಲ್ಲಿ ಗುಮ್ಮಟ ಇರೋ ಒಂದು ಬಾವಿಮನೆ ಇದೆ, ಬಗ್ಗಿ ನೋಡಿದ್ರೆ ಕೆಳಗೆ ಸೆನೋಟೆ! ಶಿಲುಬೆ ಹಿಡ್ಕೊಂಡು ಬಂದವರೂ ಮೊದ್ಲು ನೀರಿನ ಮೇಲೇ ಜಾಗ ಹಿಡಿದಿದ್ದಾರೆ. ಒಳಗಿಂದ ತಣ್ಣನೆ ಗಾಳಿ, ಪಾಚಿ ವಾಸನೆ, ಪಾರಿವಾಳದ ರೆಕ್ಕೆ ಸದ್ದು. ಅಮ್ಮ ಒಂದು ಸಣ್ಣ ಕಲ್ಲು ಹಾಕಿ ಕಿವಿಗೊಟ್ಟು ನಿಂತ್ರು.

ಊಟದ್ದು ಮೊದಲ ರಾತ್ರೀನೇ ಪೇಚಾಯ್ತು. ಮಾಂಸ ಬೇಡ ಅಂತ ಹೇಳಿ ಹೇಳಿ ಬೀನ್ಸ್ ತರ್ಸಿದೆ, ಅಮ್ಮ ಎರಡು ತುತ್ತು ತಿಂದು ತಟ್ಟೆ ದೂಡಿದ್ರು, ಕೇಳಿದ್ರೆ ಅದರ ಒಗ್ಗರಣೆನೇ ಹಂದಿಕೊಬ್ಬಲ್ಲಿ. ಅಲ್ಲಿ ಮಾಂಸ ಅಂದ್ರೆ ತುಂಡು ಮಾತ್ರ, ಕೊಬ್ಬು ಲೆಕ್ಕಕ್ಕಿಲ್ಲ, ಎಷ್ಟೋ ಕಡೆ ಕೋಳಿನೂ ಲೆಕ್ಕಕ್ಕಿಲ್ಲ. "ಸಿನ್ ಮಂತೇಕಾ, ಸಿನ್ ಪೋಯೋ" ಅಂತ ಬಾಯಿಪಾಠ ಮಾಡ್ಕೊಂಡು ಹೋಗಿ. ಆಮೇಲೆ ಅಮ್ಮನ ಹೊಟ್ಟೆ ತುಂಬಿಸಿದ್ದು ಸಿಕಿಲ್ ಪಾಕ್, ಹುರಿದ ಕುಂಬಳಬೀಜ ಟೊಮ್ಯಾಟೋ ಹಾಕಿ ರುಬ್ಬಿರೋದು, ಥೇಟ್ ನಮ್ಮ ಗುರೆಳ್ಳು ಚಟ್ನಿ ಥರಾನೇ ನಾಲಿಗೆಗೆ ಹತ್ತತ್ತೆ. ನಾಲ್ಕೂ ದಿನ ಅದನ್ನೇ ಕೇಳಿ ಕೇಳಿ ತಿಂದ್ರು.

ಎರಡನೇ ದಿನ, ಶನಿವಾರ

ಕಾನ್‌ಕೂನ್‌ಗೂ ಯುಕಟಾನ್ ರಾಜ್ಯಕ್ಕೂ ಒಂದು ಗಂಟೆ ಟೈಮ್ ವ್ಯತ್ಯಾಸ ಇದೆ, ಫೋನ್ ತಾನೇ ಬದಲಾಯ್ತು, ಅಮ್ಮನ ಕೈಗಡಿಯಾರ ಬದಲಾಗ್ಲಿಲ್ಲ. ಏಳಕ್ಕೆ ಗೈಡ್ ಬರ್ತಾನೆ ಅಂದ್ರೆ ಅಮ್ಮ ಸ್ನಾನ ಪೂಜೆ ಮುಗಿಸಿ ಆರಕ್ಕೇ ಗೇಟ್ ಹತ್ರ ಕೂತಿದ್ರು. ಅದೂ ಒಳ್ಳೇದೇ ಆಯ್ತು, ಎದುರುಗಡೆ ತೋರ್ತಿಯಾ ಅನ್ನೋ ಅಲ್ಲಿನ ರೊಟ್ಟಿಯ ಹಿಟ್ಟು ಬೀಸೋ ಮಿಲ್ ಬಾಗಿಲು ತೆಗೆಯೋದು, ಹೆಂಗಸರು ಬಟ್ಟೆ ಮುಚ್ಚಿದ ಬಕೆಟ್‌ನಲ್ಲಿ ಬೇಯಿಸಿದ ಮೆಕ್ಕೆಜೋಳ ತಂದು ಬೀಸ್ಕೊಂಡು ಹೋಗೋದು ಎಲ್ಲಾ ನೋಡಿದ್ರು. ನಾನು ಬರೋಹೊತ್ತಿಗೆ ಭಾಷೆ ಬರ್ದೇ ಇಬ್ಬರು ಹೆಂಗಸರ ಹತ್ರ ಮಾತಾಡ್ತಾ ಇದ್ರು.

ಗೈಡ್ ಅಲ್ಲೇ ಹತ್ತಿರದ ಹಳ್ಳಿ ಹುಡುಗ, ಮೂವತ್ತರ ಆಸುಪಾಸು, ಮನೆಮಾತು ಮಾಯಾ. ಇಂಥಾ ಟ್ರಿಪ್‌ಗೆ ಯಾರ್ಯಾರು ಬರ್ತಾರೆ ಅಂತ ದಾರೀಲಿ ಕೇಳಿದೆ. ಚರ್ಚ್ ಗುಂಪುಗಳು ಬರ್ತವೆ, ಬಿಳಿ ಬಟ್ಟೆ ಹಾಕ್ಕೊಂಡು ಧ್ಯಾನಕ್ಕೆ ಕೂರೋರು ಬರ್ತಾರೆ, ಮಾರ್ಮನ್ ಅನ್ನೋ ಅಮೆರಿಕದ ಕ್ರೈಸ್ತ ಪಂಗಡದವರು ತುಂಬಾ ಬರ್ತಾರೆ, "ಹಿಂದೂಗಳು ನೀವೇ ಮೊದಲು" ಅಂದ. ಆಮೇಲೆ ಅಮ್ಮನ ಕಡೆ ತಿರುಗಿ "ನಿಮ್ಮ ಊರಲ್ಲಿ ದೇವರ ಹತ್ರ ಜನ ಹೆಚ್ಚಾಗಿ ಏನು ಕೇಳ್ತಾರೆ?" ಅಂದ. ನಾನು ತರ್ಜುಮೆ ಮಾಡಿ ಮುಗಿಸೋದ್ರೊಳಗೆ ಅಮ್ಮ "ಮಳೆ" ಅಂದಾಗಿತ್ತು. ಅವನು ಸ್ಟೀರಿಂಗ್ ಮೇಲೆ ಕೈ ತಟ್ಟಿ ನಕ್ಕ.

ನಾವು ಹೊರಟಿದ್ದ ಹಳೇ ಮಾಯನ್ ಊರು ಚಿಚೆನ್ ಇಟ್ಜಾ ಎಂಟಕ್ಕೆ ತೆಗಿಯತ್ತೆ, ಎಂಟಕ್ಕೇ ಬಾಗಿಲಲ್ಲಿರಿ, ಹತ್ತೂವರೆ ಆದ್ಮೇಲೆ ಕಾನ್‌ಕೂನ್ ಬಸ್‌ಗಳು ಬಂದು ಜಾತ್ರೆ ಆಗ್ಬಿಡತ್ತೆ. ಟಿಕೆಟ್ ಎರಡು ತಗೋಬೇಕು, ಒಂದು ಕೇಂದ್ರ ಸರ್ಕಾರದ್ದು ಒಂದು ರಾಜ್ಯದ್ದು, ಬೇರೆ ಬೇರೆ ಕಿಟಕಿ. ಹೆಸರಿನ ಅರ್ಥಾನೇ "ಇಟ್ಜಾ ಜನರ ಬಾವಿಯ ಬಾಯಲ್ಲಿ" ಅಂತ. ಚಿ ಅಂದ್ರೆ ಬಾಯಿ, ಚೆನ್ ಅಂದ್ರೆ ಬಾವಿ. ಒಳಗೆ ಕಾಲಿಡೋ ಮುಂಚೆ ಹುಡುಗ ಟೋಪಿ ತೆಗೆದು ಮರದ ಕಡೆ ತಿರುಗಿ ಏನೋ ಪಿಸುಗುಟ್ಟಿದ, ಕಾಡು ಕಾಯೋ ಒಡೆಯರ ಅಪ್ಪಣೆ ತಗೊಳ್ಳೋದಂತೆ. ಅಮ್ಮನೂ ಚಪ್ಪಲಿಯಿಂದ ಕಾಲು ಹೊರಗಿಟ್ಟು ನೆಲ ಮುಟ್ಟಿ ಕಣ್ಣಿಗೊತ್ಕೊಂಡ್ರು.

ಮರಗಳ ಮಧ್ಯದಿಂದ ಬಯಲಿಗೆ ಬಂದ ತಕ್ಷಣ ಎದುರಿಗೆ ಕುಕುಲ್ಕಾನ್ ಅನ್ನೋ ಗರಿ ಹೊತ್ತ ಹಾವಿನ ದೇವರ ದೇವಸ್ಥಾನ. ಫೋಟೋದಲ್ಲಿ ಸಾವಿರ ಸಲ ನೋಡಿರ್ತೀವಿ, ಆದ್ರೂ ಎದುರು ನಿಂತಾಗ ಮಾತು ಬರಲ್ಲ. ನಾಲ್ಕು ಕಡೆ ಮೆಟ್ಟಿಲು, ಒಂದೊಂದು ಕಡೆ 91, ಮೇಲಿನ ಜಗುಲಿ ಸೇರಿ 365, ಅಂದ್ರೆ ಒಂದು ವರ್ಷನೇ ಕಲ್ಲಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಮಾರ್ಚ್ ಮತ್ತೆ ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮ ಆಗೋ ದಿನಗಳ ಸಂಜೆ, ಮೆಟ್ಟಿಲ ಪಕ್ಕದ ಗೋಡೆ ಮೇಲೆ ಬಿಸಿಲು ನೆರಳು ಸೇರಿ ಹಾವು ಇಳಿದು ಬಂದಂಗೆ ಕಾಣತ್ತೆ, ಕೆಳಗೆ ಬಾಯಿ ತೆರೆದ ಹಾವಿನ ತಲೆ ಇದೆ. ಈಗ ಮೇಲೆ ಹತ್ತೋ ಹಂಗಿಲ್ಲ. ಎದುರಿಗೆ ನಿಂತು ಚಪ್ಪಾಳೆ ತಟ್ಟಿದ್ರೆ ಪ್ರತಿಧ್ವನಿ ಹಕ್ಕಿ ಕೂಗಿದಂಗೆ ವಾಪಸ್ ಬರತ್ತೆ, ಕೆತ್ಸಾಲ್ ಹಕ್ಕಿ ದನಿ ಅಂತಾರೆ. ಇದರ ಹೊಟ್ಟೆ ಒಳಗೆ ಇನ್ನೊಂದು ಹಳೇ ದೇವಸ್ಥಾನ ಇದೆ, ಅದರೊಳಗೆ ಕೆಂಪು ಬಣ್ಣದ ಜಾಗ್ವಾರ್ ಪೀಠ. ಹಳೇದನ್ನ ಕೆಡವದೆ ಅದರ ಮೇಲೇ ಹೊಸದು ಕಟ್ತಿದ್ರು. ಅಮ್ಮ "ಮೂಲ ವಿಗ್ರಹ ಒಳಗೇ ಇದೆ ಅನ್ನು" ಅಂದ್ರು.

ಅಮ್ಮನಿಗೆ ಹಿಡಿಸಿದ್ದು ಪಂಚಾಂಗದ ಮಾತು. ಮಾಯನ್ನರಿಗೆ ಎರಡು ಲೆಕ್ಕ, 260 ದಿನದ ಪೂಜೆಯ ವರ್ಷ ಒಂದು, 365 ದಿನದ ಬೇಸಾಯದ ವರ್ಷ ಒಂದು, ಎರಡೂ ಕೂಡಿ ಮತ್ತೆ ಮೊದಲಿಗೆ ಬರೋದು 52 ವರ್ಷಕ್ಕೆ. ನಮ್ಮ 60 ಸಂವತ್ಸರ ಇದ್ದಂಗೆ. ಹುಡುಗ ಹೇಳಿದ, ಈಗಲೂ ಅವನ ತಾತ ಜನವರಿಯ ಒಂದೊಂದು ದಿನದ ಮೋಡ ಗಾಳಿ ನೋಡಿ ಆ ವರ್ಷದ ಮಳೆ ಲೆಕ್ಕ ಹಾಕ್ತಾರಂತೆ, ಅದಕ್ಕೆ ಶೋಕ್ ಕಿನ್ ಅಂತ ಹೆಸರು. ಅಮ್ಮ ತಡೀಲಿಲ್ಲ, ಅಶ್ವಿನಿ ಭರಣಿ ಕೃತ್ತಿಕೆ ಅಂತ ಮಳೆ ನಕ್ಷತ್ರಗಳನ್ನೆಲ್ಲಾ ಬೆರಳೆಣಿಸಿ ಹೇಳಿ, ನಾಳೆಯಿಂದ ರೋಹಿಣಿ, ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತ ಗಾದೆನೂ ಹೇಳಿದ್ರು. ಇಷ್ಟನ್ನ ನಾನು ಇಂಗ್ಲಿಷ್ ಮಾಡಿ ಹೇಳೋಹೊತ್ತಿಗೆ ಬೆವರಿಳಿದಿತ್ತು. ಹುಡುಗ ಗಾದೆನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ, ಅಜ್ಜನಿಗೆ ಕೇಳಿಸ್ತೀನಿ ಅಂತ.

ದೇವಸ್ಥಾನದಿಂದ ಪವಿತ್ರ ಸೆನೋಟೆಗೆ 300 ಮೀಟರ್ ಇರಬೋದು, ಹಳೇ ಬಿಳಿ ಕಲ್ಲುದಾರಿ. ಎರಡೂ ಪಕ್ಕ ಅಂಗಡಿಗಳು, ಜಾಗ್ವಾರ್ ಥರ ಗುರ್ ಅನ್ನೋ ಪೀಪಿ ಊದೋ ಮಕ್ಕಳು. ಕೊನೇಲಿ ದುಂಡನೆ ದೊಡ್ಡ ಬಾವಿ, ಅಗಲ ಸುಮಾರು 60 ಮೀಟರ್, 20 ಮೀಟರ್‌ಗೂ ಕೆಳಗೆ ಪಾಚಿ ಬಣ್ಣದ ನೀರು, ಅಲ್ಲಾಡ್ತಾನೂ ಇಲ್ಲ. ಮಳೆದೇವರು ಚಾಕ್ ಇದರೊಳಗೆ ಇರ್ತಾನೆ ಅಂತ ನಂಬಿ ಚಿನ್ನ, ಪಚ್ಚೆಕಲ್ಲು, ಧೂಪ, ಮನುಷ್ಯರನ್ನೂ ಅರ್ಪಿಸ್ತಿದ್ರು. 20ನೇ ಶತಮಾನದ ಶುರುವಲ್ಲಿ ಎಡ್ವರ್ಡ್ ಥಾಂಪ್ಸನ್ ಅನ್ನೋ ಅಮೆರಿಕದವನು ಯಂತ್ರ ಇಟ್ಟು ತಳ ಕೆದಕಿ ಸಿಕ್ಕಿದ್ದರಲ್ಲಿ ಹೆಚ್ಚಿನದನ್ನ ಹಾರ್ವರ್ಡ್‌ನ ಮ್ಯೂಸಿಯಂಗೆ ಸಾಗಿಸಿದ, ಸ್ವಲ್ಪ ಮಾತ್ರ ವಾಪಸ್ ಬಂದಿದೆ. ಬಾವಿ ಹತ್ತಿರದ ಒಂದು ನೆಲಮಾಳಿಗೆಯಲ್ಲಿ ಸಿಕ್ಕಿದ್ದ ಮಕ್ಕಳ ಮೂಳೆಗಳ ಡಿಎನ್ಎ ಪರೀಕ್ಷೆ 2024ರಲ್ಲಿ ಹೊರಗೆ ಬಂತು. ಪರೀಕ್ಷೆ ಮಾಡಿದ 64 ಮಕ್ಕಳೂ ಗಂಡುಹುಡುಗ್ರು, ಅದರಲ್ಲಿ ಎರಡು ಜೊತೆ ಅವಳಿಜವಳಿ. ಈ ವಿಷಯ ಅಮ್ಮನಿಗೆ ಹೇಳ್ಲೋ ಬೇಡ್ವೋ ಅಂತ ಯೋಚಿಸಿ ಹೇಳಿದೆ. ತುಂಬಾ ಹೊತ್ತು ಕಂಬಿ ಹಿಡ್ಕೊಂಡು ನಿಂತಿದ್ರು. "ಎಷ್ಟು ವರ್ಷ ಮಳೆ ಬರ್ದೇ ಇದ್ದಿರಬೇಕು" ಅಂದ್ರು. ಸರಿ ತಪ್ಪು ಅಂತ ಏನೂ ಹೇಳ್ಲಿಲ್ಲ. ನಂಗೆ ಮಾತ್ರ ಆ ಅವಳಿ ಮಕ್ಕಳ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ಬಾವಿ ಹತ್ರಾನೇ ಯೂಟಾದಿಂದ ಬಂದಿದ್ದ ವಯಸ್ಸಾದ ಗಂಡ ಹೆಂಡ್ತಿ ಸಿಕ್ರು, ಮಾರ್ಮನ್ ಗುಂಪಿನವರು. ಯೇಸು ಪುನರುತ್ಥಾನ ಆದ್ಮೇಲೆ ಅಮೆರಿಕ ಖಂಡಕ್ಕೂ ಬಂದಿದ್ದ ಅಂತ ಅವರ ಗ್ರಂಥ ಹೇಳತ್ತೆ, ಕುಕುಲ್ಕಾನ್ ಅನ್ನೋದು ಆ ನೆನಪೇ ಅಂತ ಅವರಲ್ಲಿ ತುಂಬಾ ಜನ ನಂಬ್ತಾರೆ. ಪುರಾತತ್ವದವರು ಇದನ್ನ ಒಪ್ಪಲ್ಲ, ಅವರ ಚರ್ಚ್ ಕೂಡ ಇದೇ ಜಾಗ ಅಂತ ಅಧಿಕೃತವಾಗಿ ಎಲ್ಲೂ ಹೇಳಿಲ್ಲ. ಆ ಅಜ್ಜಿ ಅದನ್ನೆಲ್ಲಾ ವಾದ ಮಾಡೋಕೆ ಬಂದವರಲ್ಲ, "ನಲವತ್ತು ವರ್ಷದಿಂದ ಬರಬೇಕು ಅಂದ್ಕೊಂಡಿದ್ದೆ" ಅಂತ ಹೇಳುವಾಗ ಕಣ್ಣಲ್ಲಿ ನೀರಿತ್ತು. ಅಮ್ಮ ಅವರ ಕೈ ಹಿಡ್ಕೊಂಡು ಬೆಂಚಲ್ಲಿ ಕೂರಿಸಿದ್ರು.

ಹನ್ನೆರಡಾಗೋಕೆ ಹತ್ತು ನಿಮಿಷ ಇರುವಾಗ ಹುಡುಗ ನಮ್ಮನ್ನ ಬಯಲಿನ ಮಧ್ಯ ನಿಲ್ಲಿಸಿ ಕಾಲ ಬುಡ ನೋಡಿ ಅಂದ. ನೆರಳೇ ಇಲ್ಲ! ಆ ಅಕ್ಷಾಂಶಕ್ಕೆ ಸೂರ್ಯ ನೆತ್ತಿ ಮೇಲೆ ನೇರ ಬರೋದು ಮೇ 23, 24ರ ಸುಮಾರಿಗೆ, ಮತ್ತೆ ಜುಲೈನಲ್ಲಿ ಒಂದ್ಸಲ. ಬೆಂಗಳೂರಲ್ಲಿ ಏಪ್ರಿಲ್ ಕೊನೇಲಿ ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಹಾಕ್ತಾರಲ್ಲ ಅದೇ. ಅಲ್ಲಿ ಇದಾದ್ಮೇಲೆ ಮಳೆ ಹತ್ತಿರ ಬಂತು ಅಂತ ಲೆಕ್ಕ. ನೋಡ್ತಾ ನಿಂತಿದ್ದು ಜಾಸ್ತಿ ಆಯ್ತೋ ಏನೋ, ಚೆಂಡಾಟದ ಅಂಗಳದ ಹತ್ರ ಅಮ್ಮನಿಗೆ ತಲೆ ಸುತ್ತು ಬಂತು. 40 ಡಿಗ್ರಿ ಹತ್ರ ಹತ್ರ ಇತ್ತು. ಕಸೂತಿ ಬಟ್ಟೆ ಮಾರೋ ಒಬ್ಬ ಹೆಂಗಸು ಓಡಿಬಂದು ತನ್ನ ಸ್ಟೂಲ್ ಕೊಟ್ಟು, ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ನೀರು ಕುಡಿಸಿ, ಸೆರಗಿನಂಥ ಶಾಲಿಂದ ಗಾಳಿ ಬೀಸಿದ್ಲು. ದುಡ್ಡು ಕೊಡೋಕೆ ಹೋದ್ರೆ ಮುಟ್ಟಲಿಲ್ಲ. ದಯವಿಟ್ಟು ಕೊಡೆ ತಗೊಂಡು ಹೋಗಿ, ಜೊತೇಲಿ ಹಿರಿಯರಿದ್ರೆ ಹನ್ನೊಂದಕ್ಕೇ ಮುಗಿಸ್ಕೊಂಡು ಹೊರಡಿ.

ಮಧ್ಯಾಹ್ನದ ಊಟ ಹುಡುಗನ ಮನೇಲಿ. ಹುಲ್ಲಿನ ಚಾವಣಿ, ಅಂಡಾಕಾರದ ಮನೆ, ಹಿಂದೆ ಅಡುಗೆಮನೆ ಬೇರೆ. ಒಳಗೆ ಕಾಲಿಟ್ಟ ಅಮ್ಮ ಅಲ್ಲೇ ನಿಂತುಬಿಟ್ರು. ಮೂರು ಕಲ್ಲಿನ ಒಲೆ, ಮೇಲೆ ಕಾವಲಿ, ಪಕ್ಕದಲ್ಲಿ ಅವನ ಅಮ್ಮ ಕುಳ್ಳ ಮಣೆ ಮೇಲೆ ಕೂತು ಬಾಳೆ ಎಲೆ ಮೇಲೆ ಹಿಟ್ಟಿನ ಉಂಡೆ ಇಟ್ಟು ತಟ್ತಾ ಇದ್ದಾರೆ. ಎಡಗೈ ಅಂಚು ಹಿಡ್ಕೊಳ್ಳತ್ತೆ, ಬಲಗೈ ಬೆರಳು ತಟ್ತಾ ತಟ್ತಾ ತಿರುಗಿಸತ್ತೆ, ತಪ್ ತಪ್ ತಪ್, ನಮ್ಮಜ್ಜಿ ಜೋಳದ ರೊಟ್ಟಿ ತಟ್ಟೋ ಅದೇ ಸದ್ದು. ಅಮ್ಮ ಕೈ ತೊಳ್ಕೊಂಡು ಪಕ್ಕದಲ್ಲಿ ಕೂತೇಬಿಟ್ರು. ಮೊದಲನೇದು ಹರೀತು, ಎರಡನೇದು ದಪ್ಪ ಆಯ್ತು, ಮೂರನೇದು ಕಾವಲಿ ಮೇಲೆ ಉಬ್ಬಿ ಬಂದಾಗ ಆ ತಾಯಿ "ಮಾಲೋಬ್! ಮಾಲೋಬ್!" ಅಂದ್ರು, ಚೆನ್ನಾಗಿದೆ ಅಂತ. ಜೋಳನ ಹಿಂದಿನ ರಾತ್ರಿ ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿಡ್ತಾರೆ, ಸಿಪ್ಪೆ ಬಿಡತ್ತೆ, ಹಿಟ್ಟಿಗೆ ಜಿಗುಟು ಬರತ್ತೆ, ಮೈಗೆ ಹತ್ತತ್ತೆ. ಆ ಸುಣ್ಣನೂ ಅದೇ ನೆಲದ ಕಲ್ಲನ್ನ ಸುಟ್ಟಿದ್ದು. ಚಿತ್ರದುರ್ಗ ದಾವಣಗೆರೆ ಕಡೆ ಹೊಲ ಹೊಲನೇ ತುಂಬಿರೋ ಮೆಕ್ಕೆಜೋಳದ ತವರು ಮೆಕ್ಸಿಕೋ, ಸುಮಾರು 9000 ವರ್ಷದ ಹಿಂದೆ ಅಲ್ಲೇ ಪಳಗಿಸಿದ್ದು. ನಾವು ಅದನ್ನ ಹೆಚ್ಚಾಗಿ ಕೋಳಿ ಫೀಡ್‌ಗೆ ಮಾರ್ತೀವಿ ಅಂತ ಅಮ್ಮ ಹೇಳೋಕೆ ಸಂಕೋಚ ಪಟ್ಕೊಂಡ್ರು.

ಮನೆಯ ಮೂಲೇಲಿ ದೇವರ ಮೇಜು. ಹಸಿರು ಬಣ್ಣದ ಮರದ ಶಿಲುಬೆ, ಅದಕ್ಕೆ ಕಸೂತಿ ಬಟ್ಟೆ ಉಡಿಸಿದ್ದಾರೆ, ಪಕ್ಕದಲ್ಲಿ ಮೇರಿಮಾತೆ, ಮುಂದೆ ಸೋರೆಬುರುಡೆ ಬಟ್ಟಲಲ್ಲಿ ಜೋಳದ ಗಂಜಿ. ಹಸಿರು ಶಿಲುಬೆ ಯಾಕೆ ಅಂದ್ರೆ, ಅದು ಯಾಶ್‌ಚೆ, ಅಂದ್ರೆ ಬಿಳಿ ಬೂರುಗದ ಮರ. ಬೇರು ಪಾತಾಳದಲ್ಲಿ ಕೊಂಬೆ ಸ್ವರ್ಗದಲ್ಲಿ ಇರೋ ಲೋಕವೃಕ್ಷ ಅಂತ ಮಾಯನ್ನರ ನಂಬಿಕೆ. ಪಾದ್ರಿಗಳು ಶಿಲುಬೆ ಕೊಟ್ರು, ಇವರು ಅದಕ್ಕೆ ಚಿಗುರಿನ ಬಣ್ಣ ಬಳಿದ್ರು.

ಊಟ ಆದ್ಮೇಲೆ ಹುಡುಗ ಚಾ ಚಾಕ್ ಬಗ್ಗೆ ಹೇಳಿದ. ಜುಲೈ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ಜೋಳ ಬಾಡೋಕೆ ಶುರುವಾದ್ರೆ ಊರೋರು ಸೇರಿ ಮಾಡೋ ಪೂಜೆ ಅದು. ಪೂಜಾರಿಗೆ ಹ್‌ಮೆನ್ ಅಂತಾರೆ. ಕಾಡಿನ ಅಂಚಲ್ಲಿ ಕಡ್ಡಿ ಕಟ್ಟಿ ಮೇಜು ಮಾಡಿ, ಮೇಲೆ ಹಸಿರು ಕೊಂಬೆ ಬಗ್ಗಿಸಿ, ಕೋಪಲ್ ಧೂಪ ಹಾಕಿ, ಜೋಳದ ರೊಟ್ಟಿ ಪದರ ಪದರ ಜೋಡಿಸಿ ಮಣ್ಣೊಲೆಯಲ್ಲಿ ಬೇಯಿಸಿ ಇಡ್ತಾರೆ, ಜೇನಿಂದ ಮಾಡಿದ ಬಾಲ್ಚೆ ಅನ್ನೋ ಪಾನೀಯ ಇಡ್ತಾರೆ. ನೀರು ಮಾತ್ರ ಯಾರೂ ಬಳಸದ ಸೆನೋಟೆಯಿಂದಲೇ ತರಬೇಕು, ಹೆಂಗಸರು ಹತ್ರ ಹೋಗೋ ಹಂಗಿಲ್ಲ, ಅದಕ್ಕೆ ಸುಹುಯ್ ಹಾ ಅಂತ ಹೆಸರು. "ಮಡಿನೀರು" ಅಂತ ಅಮ್ಮ ತಕ್ಷಣ ಹೇಳಿದ್ರು, ನಂಗೆ ತರ್ಜುಮೆ ಮಾಡೋ ಕೆಲಸನೇ ಉಳೀಲಿಲ್ಲ. ಆಮೇಲೆ ಮೇಜಿನ ನಾಲ್ಕು ಕಾಲಿಗೆ ನಾಲ್ಕು ಗಂಡುಹುಡುಗ್ರನ್ನ ಕೂರಿಸ್ತಾರೆ. ಅವರು ಕಪ್ಪೆಗಳು. ಹ್‌ಮೆನ್ ಮಂತ್ರ ಹೇಳ್ತಾ ಇದ್ದಂಗೆ ಇವರು ವಟಗುಟ್ಟಬೇಕು. ಹುಡುಗ ತಾನೂ ಏಳು ವರ್ಷದಲ್ಲಿ ಕಪ್ಪೆ ಆಗಿದ್ದನಂತೆ, ಗಂಟಲು ಉಬ್ಬಿಸಿ ಕೂಗಿ ತೋರ್ಸಿದ, ಅಂಗಳದ ಕೋಳಿಗಳು ಬೆಚ್ಚಿ ಓಡಿದ್ವು.

ಅಮ್ಮ ಎರಡೂ ಕೈ ಬಾಯಿ ಮೇಲಿಟ್ಕೊಂಡು ಕೂತಿದ್ರು. ನಮ್ಮ ಕಡೆ ಮಳೆ ಹೋದ ವರ್ಷ ಕಪ್ಪೆಗೆ ಮದುವೆ ಮಾಡ್ತಾರೆ, ಅರಿಶಿನ ಹಚ್ಚಿ ಮೆರವಣಿಗೆ ಮಾಡಿ ಕೆರೆಗೆ ಬಿಡ್ತಾರೆ. ಹುಡುಗ್ರು ಮಣ್ಣಲ್ಲಿ ಮಳೆರಾಯನ ಮಾಡಿ ತಲೆ ಮೇಲೆ ಹೊತ್ತು ಮನೆ ಮನೆಗೆ ಬರ್ತಾರೆ, ಮನೆಯವರು ಆ ಹುಡುಗನ ತಲೆ ಮೇಲೆ ಕೊಡದಲ್ಲಿ ನೀರು ಸುರೀತಾರೆ. ಅಮ್ಮ ಇದನ್ನ ಹೇಳ್ತಾ ಹೋದಂಗೆ ಆ ತಾಯಿ ತಲೆ ಆಡಿಸ್ತಾ ಹತ್ತಿರ ಹತ್ತಿರ ಜರುಗಿ ಬಂದ್ರು. ಬೆಳಿಗ್ಗೆ ಬಾವಿ ಹತ್ರ ಕೇಳಿದ ಆ ಗಂಡುಮಕ್ಕಳು, ಈಗ ಮೇಜಿನ ಕೆಳಗೆ ಕೂತು ಕಪ್ಪೆ ಥರ ಕೂಗೋ ಗಂಡುಮಕ್ಕಳು. ಇವೆರಡಕ್ಕೂ ಸಂಬಂಧ ಇದೆ ಅಂತ ಯಾವ ವಿದ್ವಾಂಸರೂ ಹೇಳಿದ್ದು ನಾನು ಓದಿಲ್ಲ, ಆದ್ರೆ ನನ್ನ ಮನಸ್ಸಲ್ಲಿ ಅವತ್ತು ಎರಡೂ ಒಟ್ಟಿಗೆ ನಿಂತ್ವು. ಕೂಗಿದ್ರೆ ಸಾಕು ಅಂತ ದೇವರು ಎಂದೋ ಒಂದು ದಿನ ಒಪ್ಕೊಂಡನಲ್ಲ.

ಹೊರಡುವಾಗ ಆ ತಾಯಿ ಅಮ್ಮನ ಕೈಗೆ ನಾಲ್ಕು ಜೋಳದ ತೆನೆ ಕೊಟ್ರು, ಕೆಂಪು, ಬಿಳಿ, ಕಪ್ಪು, ಹಳದಿ. ನಾಲ್ಕು ದಿಕ್ಕಿಗೆ ನಾಲ್ಕು ಚಾಕ್, ಅವರದ್ದೂ ಇದೇ ನಾಲ್ಕು ಬಣ್ಣ. ಜೊತೆಗೆ ಒಂದು ಮುಷ್ಟಿ ಕೋಪಲ್.

ಮೂರನೇ ದಿನ, ಭಾನುವಾರ

ಇಸಮಾಲ್ ಊರಿಗೆ ಊರೇ ಅರಿಶಿನ ಬಣ್ಣ. ಗೋಡೆ, ಅಂಗಡಿ, ಮಠ, ಎಲ್ಲಾ. ಅಂಗಳದಲ್ಲಿ ಟೋಪಿ ಹಾಕಿದ ಕುದುರೆಗಾಡಿಗಳು. ಮಠ ಎತ್ತರದಲ್ಲಿದೆ, ಇಳಿಜಾರು ಹತ್ತಿ ಹೋಗ್ಬೇಕು, ಯಾಕಂದ್ರೆ ಅದು ಕೂತಿರೋದೇ ಪಾಪ್ ಹೋಲ್ ಚಾಕ್ ಅನ್ನೋ ಹಳೇ ಪಿರಮಿಡ್‌ನ ಮೇಲೆ. ಕಲ್ಲೂ ಅದರದ್ದೇ. 1561ರ ಹೊತ್ತಿಗೆ ಮುಗಿದಿತ್ತು. 75 ಕಮಾನಿನ ದೊಡ್ಡ ಅಂಗಳ, 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೇ ಬಂದು ಈ ಖಂಡದ ಮೂಲನಿವಾಸಿಗಳ ಜೊತೆ ಮಾತಾಡಿದ್ದು. ಭಾನುವಾರದ ಪೂಜೆ ನಡೀತಿತ್ತು, ಕಸೂತಿ ಹಾಕಿದ ಬಿಳಿ ಉಯ್ಪಿಲ್ ಉಟ್ಟ ಅಜ್ಜಿಯರ ಸಾಲಲ್ಲಿ ಅಮ್ಮನ ನೀಲಿ ಇಳಕಲ್ ಸೀರೆ, ಜನ ಜರುಗಿ ಜಾಗ ಕೊಟ್ರು.

ಇಲ್ಲಿನ ಮೇರಿ ವಿಗ್ರಹನ ದಿಯೆಗೋ ದೆ ಲಾಂದಾ ಅನ್ನೋ ಪಾದ್ರಿ ಗ್ವಾಟೆಮಾಲಾದಿಂದ ತರಿಸಿದ್ದು. ಬರೋ ದಾರಿ ತುಂಬಾ ಮಳೆ ಸುರೀತಿದ್ರೂ ವಿಗ್ರಹದ ಪೆಟ್ಟಿಗೆ ಮೇಲೂ ಹೊತ್ತವರ ಮೇಲೂ ಒಂದು ಹನಿ ಬೀಳಲಿಲ್ಲ ಅಂತ ಕಥೆ. ನೋಡಿ, ಇಲ್ಲಿ ಯಾವ ದೇವರು ಬಂದ್ರೂ ಮೊದಲ ಪವಾಡ ಮಳೆದೇ ಆಗ್ಬೇಕು.

ಎರಡು ಬೀದಿ ಆಚೆ ಕಿನಿಚ್ ಕಾಕ್‌ಮೋ, ಸೂರ್ಯನ ಪಿರಮಿಡ್, ಸುಮಾರು 35 ಮೀಟರ್ ಎತ್ತರ. ಮನೆಗಳ ನಡುವೆ ಗುಡ್ಡದ ಥರ ಎದ್ದಿದೆ, ದುಡ್ಡಿಲ್ಲ, ಹತ್ತಬಹುದು. ದೇವರು ಮಧ್ಯಾಹ್ನದ ಹೊತ್ತಿಗೆ ಬೆಂಕಿ ಬಣ್ಣದ ಮಕಾವ್ ಗಿಣಿಯಾಗಿ ಇಳಿದು ಬಂದು ನೈವೇದ್ಯ ಸುಡ್ತಾನೆ ಅಂತ ನಂಬಿಕೆ. ಅರ್ಧ ದಾರೀಲಿ ಅಮ್ಮನ ಚಪ್ಪಲಿ ಉಂಗುಷ್ಟ ಕಿತ್ತೋಯ್ತು. ಕಲ್ಲು ಕಾದ ಹೆಂಚು. ಹುಡುಗ ತನ್ನ ಬ್ಯಾಗ್‌ನ ದಾರ ಬಿಚ್ಚಿ ಕತ್ತಾಳೆ ನಾರಿನ ಹುರಿ ಒಂದನ್ನ ತೆಗೆದು ಗಂಟು ಹಾಕಿ ಕೊಟ್ಟ. ಆ ಕತ್ತಾಳೆ ನಾರೇ ಒಂದು ಕಾಲದಲ್ಲಿ ಈ ರಾಜ್ಯದ ಬಂಗಾರ, ಹತ್ತೊಂಬತ್ತನೇ ಶತಮಾನದಲ್ಲಿ ರಾಜಧಾನಿ ಮೆರಿದಾದ ದೊಡ್ಡ ಬಂಗಲೆಗಳೆಲ್ಲಾ ಅದರ ದುಡ್ಡಲ್ಲೇ ಎದ್ದಿದ್ದು. ಅಮ್ಮ ಅದನ್ನೇ ಹಾಕ್ಕೊಂಡು ತುದಿ ಮುಟ್ಟಿದ್ರು. ಮೇಲಿಂದ ನೋಡಿದ್ರೆ ನಾಲ್ಕೂ ದಿಕ್ಕು ಚಪ್ಪಟೆ ಹಸಿರು, ಒಂದು ಕಡೆ ಮಾತ್ರ ಮಠದ ಹಳದಿ ಗೋಡೆ. ದೂರದಲ್ಲಿ ಅಲ್ಲೊಂದು ಇಲ್ಲೊಂದು ಹೊಗೆ, ಬಿತ್ತನೆಗೆ ಮುಂಚೆ ಹೊಲ ಸುಡೋದು.

ರಾತ್ರಿ ಮೆರಿದಾ. ಚೌಕದಲ್ಲಿ ಮಾರ್ಕೆಸಿತಾ ತಿಂದ್ವಿ, ಗರಿಗರಿ ದೋಸೆ ಸುರುಳಿ ಒಳಗೆ ಚೀಸ್ ತುರಿ. ಮಲಗಿದ್ವಿ.

ನಾಲ್ಕನೇ ದಿನ, ಸೋಮವಾರ

ಬೆಳಿಗ್ಗೆ ಮನಿ ಅನ್ನೋ ಊರು. ಹೆಸರು ಸಣ್ಣದು, ಊರೂ ಸಣ್ಣದು, ನಾಯಿ ಮಲಗಿರೋ ಖಾಲಿ ಚೌಕ, ದೊಡ್ಡ ಬೋಳು ಮಠ. 1562ರ ಜುಲೈ 12ಕ್ಕೆ ಅದೇ ಲಾಂದಾ ಈ ಮಠದ ಮುಂದೆ ಮಾಯನ್ನರ ಸಾವಿರಾರು ವಿಗ್ರಹ ಒಡೆಸಿ, ಅವರ ಪುಸ್ತಕಗಳನ್ನ ಸುಡಿಸಿದ. 27 ಪುಸ್ತಕ ಅಂತ ಲೆಕ್ಕ ಹೇಳ್ತಾರೆ. ಗುಟ್ಟಾಗಿ ಹಳೇ ದೇವರ ಪೂಜೆ ಮಾಡ್ತಾರೆ ಅಂತ ಜನರನ್ನ ನೇತುಹಾಕಿ ಹಿಂಸೆ ಕೊಟ್ಟ, ಎಷ್ಟೋ ಜನ ಸತ್ರು. ಇಡೀ ಮಾಯನ್ ಲೋಕದಿಂದ ಇವತ್ತು ಉಳಿದಿರೋ ಪುಸ್ತಕ ನಾಲ್ಕೇ ನಾಲ್ಕು. ಅದರಲ್ಲಿ ಒಂದು ಜರ್ಮನಿಯ ಡ್ರೆಸ್ಡನ್‌ನಲ್ಲಿದೆ, ಶುಕ್ರಗ್ರಹದ ಚಲನೆಯ ಕೋಷ್ಟಕ ಅದರಲ್ಲಿದೆ ಅಂದ್ರೆ ಸುಟ್ಟುಹೋದ್ದರಲ್ಲಿ ಏನೇನಿತ್ತೋ ಅಂತ ಹೊಟ್ಟೆ ಉರಿಯತ್ತೆ. ಅದೇ ಲಾಂದಾ ಆಮೇಲೆ ಸ್ಪೇನ್‌ನಲ್ಲಿ ಕೂತು ಮಾಯನ್ನರ ಬಗ್ಗೆ ಎಲ್ಲಾ ಬರೆದಿಟ್ಟ, ಅವರ ಅಕ್ಷರ ಅಂತ ಒಂದು ಪಟ್ಟಿನೂ ಬರೆದ. ಆ ಪಟ್ಟಿ ಹಿಡ್ಕೊಂಡೇ 1952ರಲ್ಲಿ ಯೂರಿ ಕ್ನೊರೊಜೊವ್ ಅನ್ನೋ ಸೋವಿಯತ್ ವಿದ್ವಾಂಸ ಮಾಯನ್ ಲಿಪಿ ಓದೋ ದಾರಿ ತೆರೆದ. ಆದ್ರೂ ಲಾಂದಾನ ಕ್ಷಮಿಸೋಕಂತೂ ನಂಗೆ ಆಗಲ್ಲ.

ಹುಡುಗ ಅಲ್ಲಿ ಜಾಸ್ತಿ ಮಾತಾಡ್ಲಿಲ್ಲ. ಒಳಗೆ ಹೋಗಿ ಶಿಲುಬೆ ಗುರುತು ಹಾಕ್ಕೊಂಡು ಮೇಣದಬತ್ತಿ ಹಚ್ಚಿ ಬಂದ. ಸಿಟ್ಟು ಬರಲ್ವಾ ಅಂತ ಕೇಳಿದೆ. "ಬರತ್ತೆ. ಆದ್ರೆ ಇಲ್ಲಿ ನನ್ನ ಅಜ್ಜಿ ಮದುವೆ ಆಗಿದ್ದು" ಅಂದ.

ಮಧ್ಯೆ ತಿಕುಲ್‌ನಲ್ಲಿ ನಿಲ್ಲಿಸಿ ಅಮ್ಮನಿಗೆ ಚಪ್ಪಲಿ ತಗೊಂಡ್ವಿ, ಆ ಊರು ಮಡಿಕೆಗೂ ಚಪ್ಪಲಿಗೂ ಹೆಸರುವಾಸಿ. ಈ ಕಡೆ ರಸ್ತೆಯಲ್ಲಿ ತೋಪೆ ಅನ್ನೋ ಹಂಪ್‌ಗಳು ಬೋರ್ಡೇ ಇಲ್ಲದೆ ಬರ್ತವೆ, ಎರಡು ಸಲ ಕಾರಿನ ತಳ ಕಲ್ಲಿಗೆ ಉಜ್ಜಿತು, ಊರು ಕಂಡ ತಕ್ಷಣ ನಿಧಾನ ಮಾಡಿ.

ಉಷ್ಮಾಲ್ ಅನ್ನೋ ಇನ್ನೊಂದು ಹಳೇ ಮಾಯನ್ ಊರಿಗೆ ಸೇರಿದಾಗ ಮೂರು ಗಂಟೆ. ಮಂತ್ರವಾದಿಯ ಪಿರಮಿಡ್ ಬುಡ ಅಂಡಾಕಾರ, ಕೋನನೇ ಇಲ್ಲ. ಮೊಟ್ಟೆಯಿಂದ ಹುಟ್ಟಿದ ಕುಳ್ಳ ಒಬ್ಬ ಒಂದೇ ರಾತ್ರೀಲಿ ಕಟ್ಟಿದ ಅಂತ ಕಥೆ. ಚಿಚೆನ್‌ಗಿಂತ ನಂಗೆ ಇದೇ ಇಷ್ಟ ಆಯ್ತು, ಜನ ಕಮ್ಮಿ, ಕೆತ್ತನೆ ಜಾಸ್ತಿ. ಇಲ್ಲಿ ಸೆನೋಟೆನೂ ಇಲ್ಲ. ನೆಲ ಎತ್ತರ, ನೀರು ತುಂಬಾ ಆಳದಲ್ಲಿ, ಅದಕ್ಕೆ ಚುಲ್ತುನ್ ಅಂತ ನೆಲದೊಳಗೆ ಹೂಜಿ ಆಕಾರದ ತೊಟ್ಟಿ ತೋಡಿ ಒಳಗೆ ಗಾರೆ ಮೆತ್ತಿ, ಮೇಲಿನ ಅಂಗಳ ತೊಟ್ಟಿ ಕಡೆ ವಾಟವಾಗಿ ಇಳಿಜಾರು ಮಾಡಿ ಮಳೆನೀರು ಹಿಡೀತಿದ್ರು. ಬರೀ ಮಳೆ ನಂಬಿದ ಊರು. ಅದಕ್ಕೇ ಇರಬೇಕು ಗೋಡೆ ತುಂಬಾ ಚಾಕ್ ಮುಖ. ಮೂಲೆ ಮೂಲೇಲಿ ಒಂದರ ಮೇಲೊಂದು, ಗುಂಡು ಕಣ್ಣು, ಹಲ್ಲು, ಆನೆ ಸೊಂಡಿಲಿನಂಥ ಡೊಂಕು ಮೂಗು. ಒಂದೊಂದು ಮುಖನೂ ಬಿಡಿ ಬಿಡಿ ಕಲ್ಲು ಕೆತ್ತಿ ಜೋಡಿಸಿದ್ದು, ಹತ್ರ ಹೋಗಿ ನೋಡಿದ್ರೆ ಕಣ್ಣು ಒಂದು ಕಲ್ಲು, ಹುಬ್ಬು ಒಂದು ಕಲ್ಲು, ಮೂಗು ಬೇರೆಯದೇ ಗೋಡೆಯೊಳಗೆ ಹೊಕ್ಕಿಸಿರೋದು. ಅಮ್ಮ ಅದನ್ನ ಗಣಪತಿ ಅನ್ನಲಿಲ್ಲ, ನಾನು ಅನ್ನಬಹುದು ಅಂದ್ಕೊಂಡಿದ್ದೆ. "ಮೂಗು ಮೇಲೆತ್ತಿ ಮೋಡದ ವಾಸನೆ ನೋಡ್ತಾ ಇದ್ದಾನೆ" ಅಂದ್ರು.

ನಾಲ್ಕೂವರೆಗೆ ಪೂರ್ವಕ್ಕೆ ಮೋಡ ಕಟ್ಟಿತು. ಗಾಳಿ ಎದ್ದು ಒಣಗಿದ ಎಲೆ ಸುತ್ತಿ ಹೊಡೀತು, ಬಿಸಿಲು ಕಾಯ್ತಿದ್ದ ಇಗ್ವಾನಾಗಳೆಲ್ಲಾ ಕಲ್ಲಿನ ಸಂದಿಗೆ ಸೇರ್ಕೊಂಡ್ವು. ಒಂದು ಗುಡುಗು. ದಪ್ಪ ದಪ್ಪ ಹನಿ ಹತ್ತು ಹದಿನೈದು ಬಿದ್ವು, ಬಿಳಿ ಕಲ್ಲಿನ ಮೇಲೆ ಒಂದೊಂದು ರೂಪಾಯಿ ಅಗಲದ ಕಲೆ. ನೋಡ್ತಾ ನೋಡ್ತಾ ಆರಿಹೋದ್ವು. ಅಮ್ಮ ಅಂಗೈ ಚಾಚಿಕೊಂಡೇ ನಿಂತಿದ್ರು, ಹುಡುಗನೂ ನಿಂತಿದ್ದ. ಮೋಡ ದಕ್ಷಿಣಕ್ಕೆ ಸರೀತು.

ವಾಪಸ್

ಮಾರನೇ ದಿನ ಬೆಳಿಗ್ಗೆ ಫ್ಲೈಟ್. ಅಮೆರಿಕದಲ್ಲಿ ಬಂದಿಳಿದ ಏರ್‌ಪೋರ್ಟಲ್ಲಿ ಅಮ್ಮ ಜೋಳದ ತೆನೆ ಇದೆ ಅಂತ ಫಾರಂನಲ್ಲಿ ಬರೆಸಿದ್ರು, ಮುಚ್ಚಿಡೋದು ಬೇಡ ಅಂತ. ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ್ರು, ಆದ್ರೆ ಬೀಜ ಬಿಡೋ ಹಂಗಿಲ್ಲ, ನಾಲ್ಕೂ ತೆನೆ ಡಬ್ಬಿಗೆ ಹೋದ್ವು. ಅಮ್ಮ ಆ ಡಬ್ಬಿ ಕಡೆ ತಿರುಗಿ ತಿರುಗಿ ನೋಡ್ಕೊಂಡು ಬಂದ್ರು. ಕೋಪಲ್ ಉಳೀತು. ಶುಕ್ರವಾರ ದೇವರ ಮುಂದೆ ಕೆಂಡದ ಮೇಲೆ ಎರಡು ಹರಳು ಹಾಕಿದ್ರು, ಸಾಂಬ್ರಾಣಿಗಿಂತ ತೆಳು, ನಿಂಬೆ ಸಿಪ್ಪೆ ಥರ ಒಂದು ಘಮ.

ಹತ್ತು ದಿನ ಆದ್ಮೇಲೆ ಹುಡುಗ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಮಾತೇ ಇಲ್ಲ, ಹುಲ್ಲಿನ ಚಾವಣಿ ಮೇಲೆ ಜೋರು ಮಳೆ ಸದ್ದು, ಅದರ ಹಿಂದೆ ಕಪ್ಪೆಗಳು. ಅಮ್ಮ ಎರಡು ಸಲ ಹಾಕಿಸ್ಕೊಂಡು ಕೇಳಿ "ಬಿತ್ತನೆ ಆಯ್ತಾ ಅಂತ ಕೇಳು" ಅಂದ್ರು. ಕೇಳಿದೆ. ನಿನ್ನೆ ಆಯ್ತು, ಒಂದೇ ಕುಣಿಗೆ ಜೋಳ, ಅವರೆ ಥರದ ಕಾಳು, ಕುಂಬಳ ಮೂರೂ ಹಾಕಿದ್ವಿ ಅಂತ ಬಂತು. "ಅಕ್ಕಡಿ" ಅಂದ್ರು ಅಮ್ಮ, ತಕ್ಷಣ ಊರಿಗೆ ಫೋನ್ ಹಚ್ಚು ಅಂದ್ರು, ನಮ್ಮಲ್ಲಿ ರೋಹಿಣಿ ಬಿತ್ತಾ ಕೇಳ್ಬೇಕು ಅಂತ.